ಹಿಮಬಂಡೆಗಳ ಪಹರೆ: ಅಂತರರಾಷ್ಟ್ರೀಯ ಹಿಮ ಗಸ್ತು ನಡೆದು ಬಂದ ದಾರಿ

ಟೈಟಾನಿಕ್ ಹಡಗಿಗೆ ಹಿಮಬಂಡೆಯ ಮುನ್ಸೂಚನೆಯೇ ಇರಲಿಲ್ಲ ಎಂದು ಇಂದಿಗೂ ಅನೇಕರು ನಂಬಿದ್ದಾರೆ. ಇತ್ತು, ಬೇಕಾದಷ್ಟು ಇತ್ತು. 1912ರ ಏಪ್ರಿಲ್ 14ರ ಬೆಳಗ್ಗೆ ಕರೋನಿಯಾ ಹಡಗಿನಿಂದ, ಮಧ್ಯಾಹ್ನ ಬಾಲ್ಟಿಕ್‌ನಿಂದ, ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಮೆಸಾಬದಿಂದ ನಿಸ್ತಂತು ಸಂದೇಶಗಳು ಬಂದಿದ್ದವು. ಹನ್ನೊಂದರ ಹೊತ್ತಿಗೆ, ತುಸು ಉತ್ತರಕ್ಕೆ ಹಿಮದ ನಡುವೆ ಎಂಜಿನ್ ನಿಲ್ಲಿಸಿ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನಿಂದಲೂ ಕರೆ ಬಂತು. ಟೈಟಾನಿಕ್‌ನ ನಿಸ್ತಂತು ಕೋಣೆಯಲ್ಲಿದ್ದ ಜಾಕ್ ಫಿಲಿಪ್ಸ್ ಅದನ್ನು ಅರ್ಧಕ್ಕೇ ತಡೆದ. ಆತ ಮಾರ್ಕೋನಿ ಕಂಪನಿಯ ನೌಕರ. ಪ್ರಯಾಣಿಕರು ದುಡ್ಡು ಕೊಟ್ಟು ಬರೆಸಿದ ಖಾಸಗಿ ಸಂದೇಶಗಳನ್ನು ನ್ಯೂಫೌಂಡ್‌ಲ್ಯಾಂಡಿನ ಕೇಪ್ ರೇಸ್ ಕೇಂದ್ರಕ್ಕೆ ಕಳಿಸುವ ತರಾತುರಿಯಲ್ಲಿದ್ದ. 11.40ಕ್ಕೆ ಹಡಗು ಹಿಮಬಂಡೆಗೆ ತಾಗಿತು. ಆಗ ಅದರ ವೇಗ ಸುಮಾರು 22 ನಾಟ್. ಸತ್ತವರು ಹತ್ತಿರ ಹತ್ತಿರ ಒಂದೂವರೆ ಸಾವಿರ ಮಂದಿ.

ಫಿಲಿಪ್ಸ್‌ನನ್ನು ದೂರುವುದು ಸುಲಭ, ದೂರಿದವರೂ ಬಹಳ. ಆದರೆ ಹಡಗಿಗೆ ಕೊನೆಯವರೆಗೂ ನೆರವು ಕೂಗುತ್ತಾ ಕುಳಿತು ಸತ್ತವನೂ ಅವನೇ. ನಿಜವಾದ ಕೊರತೆ ಬೇರೆಡೆ ಇತ್ತು. ಅಂದು ಆ ಕಡಲಿನಲ್ಲಿದ್ದ ಹತ್ತಾರು ಹಡಗುಗಳಿಗೆ ಹಿಮದ ಒಂದೊಂದು ತುಣುಕು ಸುದ್ದಿ ಗೊತ್ತಿತ್ತು. ಒಬ್ಬ ಕ್ಯಾಪ್ಟನ್ ಇನ್ನೊಬ್ಬನಿಗೆ ಸೌಜನ್ಯಕ್ಕಾಗಿ ತಿಳಿಸುತ್ತಿದ್ದ, ಆತ ಧನ್ಯವಾದ ಹೇಳಿ ಚೀಟಿಯನ್ನು ಜೇಬಿಗಿಳಿಸುತ್ತಿದ್ದ. ಎಲ್ಲ ತುಣುಕುಗಳನ್ನು ಒಂದೇ ಮೇಜಿನ ಮೇಲೆ ಹರಡಿ, ‘ಇಲ್ಲಿಂದ ಇಲ್ಲಿಯವರೆಗೆ ಹಿಮವಿದೆ, ಇದರಾಚೆ ಇಲ್ಲ’ ಎಂದು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಅದನ್ನು ತನ್ನ ಕೆಲಸ ಮಾಡಿಕೊಂಡ ಸಂಸ್ಥೆಯೇ ಅಂತರರಾಷ್ಟ್ರೀಯ ಹಿಮ ಗಸ್ತು, ಇಂಟರ್‌ನ್ಯಾಷನಲ್ ಐಸ್ ಪೆಟ್ರೋಲ್.

ದುರಂತವಾದ ಕೂಡಲೇ ಅಮೆರಿಕದ ನೌಕಾಪಡೆ ಬರ್ಮಿಂಗ್‌ಹ್ಯಾಮ್ ಮತ್ತು ಚೆಸ್ಟರ್ ಎಂಬ ಎರಡು ಕ್ರೂಸರ್‌ಗಳನ್ನು ಆ ಪ್ರದೇಶಕ್ಕೆ ಕಳಿಸಿ ಉಳಿದ ಋತುವಿಗೆ ಕಾವಲು ಹಾಕಿತು. ಮರುವರ್ಷ ನೌಕಾಪಡೆಗೆ ಹಡಗು ಬಿಟ್ಟುಕೊಡಲಾಗಲಿಲ್ಲ. ಹೊಣೆ ಹಣಕಾಸು ಇಲಾಖೆಯ ಅಡಿಯಲ್ಲಿದ್ದ ರೆವಿನ್ಯೂ ಕಟರ್ ಸರ್ವಿಸ್‌ನ ಹೆಗಲಿಗೆ ಬಿತ್ತು. ಸುಂಕಗಳ್ಳರನ್ನು ಹಿಡಿಯಲೆಂದು ಹುಟ್ಟಿದ ಪಡೆ ಅದು. ಅದರ ಸೆನೆಕಾ, ಮಯಾಮಿ ಎಂಬ ಎರಡು ಕಟರ್‌ಗಳು 1913ರ ವಸಂತದಲ್ಲಿ ಹಿಮದ ಬಳಿ ಸರದಿ ಕಾವಲು ನಿಂತವು.

ಅದೇ ವರ್ಷ ಬ್ರಿಟಿಷರೂ ಸುಮ್ಮನಿರಲಿಲ್ಲ. ಸ್ಕಾಟ್‌ಲ್ಯಾಂಡಿನ ಅಂಟಾರ್ಕ್ಟಿಕ ಯಾತ್ರೆಗೆ ಹೋಗಿ ಬಂದಿದ್ದ ಸ್ಕೋಷಿಯಾ ಎಂಬ ಹಡಗನ್ನು ಹಿಮದ ಅಧ್ಯಯನಕ್ಕೆ ಕಳಿಸಿದರು. ಅದರಲ್ಲಿ ಹವಾಮಾನ ತಜ್ಞನಾಗಿ ಹೋದವನು ಇಪ್ಪತ್ತೇಳರ ತರುಣ ಜೆಫ್ರಿ ಇಂಗ್ರಾಮ್ ಟೇಲರ್. ಡೆಕ್‌ನಿಂದ ಗಾಳಿಪಟಗಳನ್ನು ಏರಿಸಿ, ಮಂಜಿನ ಮೇಲಿನ ಪದರಗಳ ಉಷ್ಣತೆ ಮತ್ತು ತೇವವನ್ನು ಅಳೆದ. ಗಾಳಿಯ ಸುಳಿಗಳು ಶಾಖವನ್ನು ಹೇಗೆ ಹೊತ್ತೊಯ್ಯುತ್ತವೆ ಎಂಬ ಪ್ರಶ್ನೆ ಅವನಿಗೆ ಹತ್ತಿದ್ದು ಅಲ್ಲಿ. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ಪ್ರಕ್ಷುಬ್ಧ ಹರಿವಿನ ಸಿದ್ಧಾಂತಕ್ಕೆ ಹಾಕಿದ ಅಡಿಗಲ್ಲುಗಳಲ್ಲಿ ಒಂದು ಈ ಹಿಮಯಾತ್ರೆಯದು. ಹಿಮಬಂಡೆ ಕಾಯಲು ಹೋದ ಹಡಗಿನಿಂದ ದ್ರವಚಲನ ಶಾಸ್ತ್ರಕ್ಕೆ ಲಾಭವಾಯಿತೆಂಬುದನ್ನು ಗಸ್ತಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಬಿಡಲು ಮನಸ್ಸಾಗಲಿಲ್ಲ.

1913ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಸಮುದ್ರದಲ್ಲಿ ಜೀವರಕ್ಷಣೆ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಟೈಟಾನಿಕ್ ದುರಂತದ ಬ್ರಿಟಿಷ್ ವಿಚಾರಣೆ ನಡೆಸಿದ್ದ ಲಾರ್ಡ್ ಮರ್ಸಿಯೇ ಅದರ ಅಧ್ಯಕ್ಷ. 1914ರ ಜನವರಿ 20ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮಂಗಳೂರು, ಕಾರವಾರದ ಹುಡುಗರು ಇಂದು ಮರ್ಚೆಂಟ್ ನೇವಿ ಪರೀಕ್ಷೆಗೆ ಕುಳಿತಾಗ ಉರು ಹೊಡೆಯುವ ‘ಸೋಲಾಸ್’ ನಿಯಮಾವಳಿಯ ಮೂಲ ಇದೇ. ಲೈಫ್‌ಬೋಟ್‌ಗಳ ಸಂಖ್ಯೆ, ದಿನದ ಇಪ್ಪತ್ನಾಲ್ಕು ಗಂಟೆಯೂ ನಿಸ್ತಂತು ಕಾವಲು ಮುಂತಾದವುಗಳ ಜೊತೆಗೆ, ಹಿಮದ ಸುದ್ದಿ ಸಿಕ್ಕ ಕ್ಯಾಪ್ಟನ್ ರಾತ್ರಿ ವೇಗ ತಗ್ಗಿಸಬೇಕು ಇಲ್ಲವೇ ದಾರಿ ಬದಲಿಸಬೇಕು ಎಂಬ ವಿಧಿಯೂ ಅದರಲ್ಲಿತ್ತು. ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಮದ ಗಸ್ತು ನಡೆಸುವ ಕೆಲಸವನ್ನು ಅಮೆರಿಕ ವಹಿಸಿಕೊಳ್ಳಬೇಕು, ಖರ್ಚನ್ನು 13 ದೇಶಗಳು ಹಂಚಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಹೆಚ್ಚು ಹಡಗು ಓಡಿಸುತ್ತಿದ್ದ ಬ್ರಿಟನ್ನಿನ ಪಾಲು ಶೇ 30, ಅಮೆರಿಕದ್ದು ಶೇ 15.

ಆ ಒಪ್ಪಂದದ ಗತಿ ವಿಚಿತ್ರ. ಅದು 1915ರಲ್ಲಿ ಜಾರಿಗೆ ಬರಬೇಕಿತ್ತು. ಅಷ್ಟರಲ್ಲಿ ಸಹಿ ಹಾಕಿದ ದೇಶಗಳೇ ಪರಸ್ಪರ ಹಡಗುಗಳನ್ನು ಮುಳುಗಿಸಲು ಶುರುಮಾಡಿದ್ದವು. ಮೊದಲ ಸೋಲಾಸ್ ಒಪ್ಪಂದ ಜಾರಿಗೇ ಬರಲಿಲ್ಲ. ಆದರೆ ಹಿಮ ಗಸ್ತು ಮಾತ್ರ ಉಳಿಯಿತು. ಏಕೆಂದರೆ ಒಪ್ಪಂದ ಜಾರಿಯಾಗುವವರೆಗೆ ಕಾಯುವುದು ಬೇಡ, ಹಿಮ ಕಾಯುವುದಿಲ್ಲ ಎಂದು ಸಹಿ ಮಾಡಿದವರು ಮೊದಲೇ ಕೇಳಿಕೊಂಡಿದ್ದರು. ಅದರಂತೆ 1914ರ ಫೆಬ್ರುವರಿ 7ರಂದೇ ಅಧ್ಯಕ್ಷ ವುಡ್ರೋ ವಿಲ್ಸನ್ ರೆವಿನ್ಯೂ ಕಟರ್ ಸರ್ವಿಸ್‌ಗೆ ಆಜ್ಞೆ ಹೊರಡಿಸಿದ್ದರು. ಮುಂದಿನ ಜನವರಿಯಲ್ಲಿ ಆ ಪಡೆ ಜೀವರಕ್ಷಕ ದಳದೊಡನೆ ಸೇರಿ ಅಮೆರಿಕದ ಕೋಸ್ಟ್ ಗಾರ್ಡ್ ಆಯಿತು. ಇಂದಿಗೂ ಗಸ್ತು ಅದರ ಕೈಯಲ್ಲೇ ಇದೆ. ಹೆಸರು ಅಂತರರಾಷ್ಟ್ರೀಯ, ಹಣ ಹಲವು ದೇಶಗಳದು, ದುಡಿಯುವವರು ಮಾತ್ರ ಒಂದೇ ದೇಶದ ಸಮವಸ್ತ್ರದವರು. ಇಂಥ ಏರ್ಪಾಡುಗಳು ಕಾಗದದ ಮೇಲೆ ಚೆನ್ನಾಗಿ ಕಾಣುವುದಿಲ್ಲ. ಇದು ಮಾತ್ರ ನೂರು ವರ್ಷ ದಾಟಿ ಬಾಳಿದೆ.

ಗಸ್ತಿನವರ ಎದುರಾಳಿಯ ಪರಿಚಯ ಇಲ್ಲಿ ಅಗತ್ಯ. ಟೈಟಾನಿಕ್ ಮುಳುಗಿದ ಜಾಗದ ಅಕ್ಷಾಂಶ 41 ಡಿಗ್ರಿ ಚಿಲ್ಲರೆ, ಅಂದರೆ ರೋಮ್ ನಗರದಷ್ಟೇ ಉತ್ತರ. ಅಷ್ಟು ದಕ್ಷಿಣಕ್ಕೆ ಹಿಮಬಂಡೆ ಬರುವುದೇಕೆ? ಅವುಗಳಲ್ಲಿ ಹೆಚ್ಚಿನವು ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಹಿಮನದಿಗಳಿಂದ ಕಳಚಿಕೊಂಡವು. ಇಲುಲಿಸಾಟ್ ಬಳಿಯ ಯಾಕೊಬ್‌ಷಾವ್ನ್ ಹಿಮನದಿ ಇವುಗಳ ದೊಡ್ಡ ತವರು. ವರ್ಷಕ್ಕೆ ಸಾವಿರಾರು ಬಂಡೆಗಳು ಅಲ್ಲಿ ಕಡಲಿಗೆ ಬೀಳುತ್ತವೆ. ಮೊದಲು ಗ್ರೀನ್‌ಲ್ಯಾಂಡಿನ ದಡ ಹಿಡಿದು ಉತ್ತರಕ್ಕೇ ಹೋಗಿ, ಬ್ಯಾಫಿನ್ ಕೊಲ್ಲಿಯನ್ನು ಸುತ್ತಿ, ಆಮೇಲೆ ಲ್ಯಾಬ್ರಡಾರ್ ಪ್ರವಾಹದ ತಣ್ಣೀರು ಹಿಡಿದು ದಕ್ಷಿಣಕ್ಕೆ ಇಳಿಯುತ್ತವೆ. ಪ್ರಯಾಣಕ್ಕೆ ಒಂದರಿಂದ ಮೂರು ವರ್ಷ. ದಾರಿಯಲ್ಲಿ ನೆಲಕಚ್ಚಿ, ಒಡೆದು, ಕರಗಿ ಬಹುಪಾಲು ಮುಗಿದುಹೋಗುತ್ತವೆ. ಉಳಿದು ನ್ಯೂಫೌಂಡ್‌ಲ್ಯಾಂಡಿನ ಗ್ರ್ಯಾಂಡ್ ಬ್ಯಾಂಕ್ಸ್ ದಾಟಿದವು ಯುರೋಪ್-ಅಮೆರಿಕಗಳ ನಡುವಿನ ಹಡಗುದಾರಿಗೆ ಬರುತ್ತವೆ. ಅಲ್ಲೇ ಲ್ಯಾಬ್ರಡಾರ್‌ನ ತಣ್ಣೀರು ಗಲ್ಫ್ ಸ್ಟ್ರೀಮ್‌ನ ಬೆಚ್ಚನೆ ನೀರಿಗೆ ತಾಗಿ ದಟ್ಟ ಮಂಜು ಏಳುತ್ತದೆ. ಬಂಡೆಯೂ ಮಂಜೂ ಹಡಗಿನ ದಟ್ಟಣೆಯೂ ಒಂದೇ ಕಡೆ ಒಂದೇ ತಿಂಗಳುಗಳಲ್ಲಿ ಕೂಡುವ ಇಂಥ ಜಾಗ ಲೋಕದಲ್ಲಿ ಬೇರೆ ಇಲ್ಲ. ಅಂಟಾರ್ಕ್ಟಿಕದ ಸುತ್ತ ಇದಕ್ಕಿಂತ ಎಷ್ಟೋ ಭಾರೀ ಹಿಮವಿದೆ, ಆದರೆ ಅಲ್ಲಿ ಹಡಗಿನ ದಟ್ಟಣೆಯಿಲ್ಲ.

ಬಂಡೆಗಳಲ್ಲೂ ಗಾತ್ರದ ಮೇಲೆ ತರತಮವಿದೆ. ನೀರಿನ ಮೇಲೆ 75 ಮೀಟರ್‌ಗಿಂತ ಎತ್ತರ ಏಳುವವು ಒಂದು ತುದಿ. ಇನ್ನೊಂದು ತುದಿಯಲ್ಲಿ ಒಂದು ಮೀಟರ್ ಕೂಡ ತಲೆ ಎತ್ತದ, ಹೆಚ್ಚುಕಡಿಮೆ ಒಂದು ಕಾರಿನಷ್ಟು ಗಾತ್ರದ ತುಂಡು; ನಾವಿಕರು ಇದನ್ನು ಗ್ರೌಲರ್ ಎನ್ನುತ್ತಾರೆ. ದೊಡ್ಡದು ಕಣ್ಣಿಗೆ ಬೀಳುತ್ತದೆ, ರೇಡಾರಿಗೂ ಸಿಗುತ್ತದೆ. ಅನುಭವಿ ಕ್ಯಾಪ್ಟನ್‌ಗಳು ಹೆದರುವುದು ಗ್ರೌಲರ್‌ಗೆ. ಹಿಮ ರೇಡಾರ್ ತರಂಗವನ್ನು ಉಕ್ಕಿನಷ್ಟು ಚೆನ್ನಾಗಿ ಹಿಂದಕ್ಕೆ ಕಳಿಸುವುದಿಲ್ಲ. ಅಲೆ ಎದ್ದ ದಿನ ಗ್ರೌಲರ್‌ನ ಪ್ರತಿಧ್ವನಿ ಜಾತ್ರೆಯ ಗದ್ದಲದಲ್ಲಿ ಕರೆದ ಹೆಸರಿನಂತೆ ಅಲೆಗಳ ಪ್ರತಿಧ್ವನಿಯಲ್ಲಿ ಕಳೆದುಹೋಗುತ್ತದೆ. ಅದರ ತೂಕವೋ ನೂರು ಟನ್‌ವರೆಗೂ ಇರಬಹುದು.

ಮೊದಲ ದಶಕಗಳ ಕಾವಲು ಕ್ರಮ ಸರಳ, ಅಷ್ಟೇ ಕಷ್ಟಕರ. ಎರಡು ಕಟರ್‌ಗಳು ಸರದಿಯಂತೆ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಬರುತ್ತಿದ್ದವು. ಒಂದು ಹಡಗು ಎಲ್ಲಕ್ಕಿಂತ ದಕ್ಷಿಣಕ್ಕೆ ಇಳಿದ ಹಿಮಬಂಡೆಯನ್ನು ಹುಡುಕಿ ಅದರ ಪಕ್ಕದಲ್ಲೇ ಎಂಜಿನ್ ನಿಲ್ಲಿಸಿ ತೇಲುವುದು. ಬಂಡೆ ಹೋದತ್ತ ಹಡಗು. ಹಗಲು ಅದನ್ನು ನೋಡುವುದು, ರಾತ್ರಿ ಸುತ್ತಲಿನ ಹಡಗುಗಳಿಗೆ ಅದರ ಸ್ಥಾನವನ್ನು ನಿಸ್ತಂತುವಿನಲ್ಲಿ ಸಾರುವುದು, ಅವು ಕಳಿಸುವ ನೀರಿನ ಉಷ್ಣತೆ, ಮಂಜು, ಕಂಡ ಹಿಮ ಎಲ್ಲವನ್ನೂ ನಕ್ಷೆಗೆ ಏರಿಸುವುದು. ಬಂಡೆ ಕರಗಿ ಹೋದ ಮೇಲೆ ಮುಂದಿನದರ ಬಳಿಗೆ. ನಡುವೆ ಬೇರೆ ಕೆಲಸವೂ ಬೀಳುತ್ತಿತ್ತು. 1914ರ ಮೇ ತಿಂಗಳಲ್ಲಿ ಕೊಲಂಬಿಯನ್ ಎಂಬ ಸರಕು ಹಡಗು ಬೆಂಕಿಗೆ ಬಲಿಯಾದಾಗ ಅದರ ಒಂದು ದೋಣಿ ಸುಮಾರು ಎರಡು ವಾರ ಅಲೆದಾಡಿತು. ಕೊನೆಗೆ ಅದನ್ನು ಕಂಡದ್ದು ಗಸ್ತಿನಲ್ಲಿದ್ದ ಸೆನೆಕಾ; ದೋಣಿಯಲ್ಲಿ ನಾಲ್ವರು ಮಾತ್ರ ಬದುಕಿದ್ದರು.

ಹೀಗೆ ಬಂಡೆಯ ಪಕ್ಕ ತೇಲುತ್ತಾ ಕುಳಿತವರಲ್ಲಿ ಒಬ್ಬನಿಗೆ, ಇದು ಎತ್ತ ಹೋಗುತ್ತದೆ ಎಂದು ಮೊದಲೇ ಹೇಳಲಾಗದೆ ಎಂಬ ಹಟ ಹಿಡಿಯಿತು. ಆತ ಎಡ್ವರ್ಡ್ ಸ್ಮಿತ್. ಕೋಸ್ಟ್ ಗಾರ್ಡಿನಲ್ಲಿ ಎಲ್ಲರ ಬಾಯಲ್ಲೂ ‘ಐಸ್‌ಬರ್ಗ್’ ಸ್ಮಿತ್. ಈ ಸಂಸ್ಥೆಯ ಚರಿತ್ರೆಯಲ್ಲಿ ಒಬ್ಬನೇ ಒಬ್ಬನನ್ನು ಆರಿಸಬೇಕೆಂದರೆ ನಾನು ಇವನನ್ನೇ ಆರಿಸುತ್ತೇನೆ. ಹಿಮಬಂಡೆಯ ಬಹುಭಾಗ ನೀರಿನೊಳಗಿರುವುದರಿಂದ ಅದನ್ನು ಮುಖ್ಯವಾಗಿ ತಳ್ಳುವುದು ಪ್ರವಾಹ. ಪ್ರವಾಹವನ್ನು ನೇರವಾಗಿ ಅಳೆಯುವುದು ಆಗ ಬಹಳ ಕಷ್ಟ. ಆದರೆ ನಾರ್ವೆಯ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡಿದ್ದರು: ಬೇರೆ ಬೇರೆ ಆಳದ ನೀರಿನ ಉಷ್ಣತೆ ಮತ್ತು ಉಪ್ಪಿನಂಶ ತಿಳಿದರೆ ಸಾಂದ್ರತೆ ಗೊತ್ತಾಗುತ್ತದೆ, ಸಾಂದ್ರತೆಯ ಏರಿಳಿತದಿಂದ ಪ್ರವಾಹದ ದಿಕ್ಕನ್ನೂ ವೇಗವನ್ನೂ ಲೆಕ್ಕ ಹಾಕಬಹುದು. 1924ರಲ್ಲಿ ಸ್ಮಿತ್ ನಾರ್ವೆಯ ಬರ್ಗೆನ್‌ಗೆ ಹೋಗಿ ಬ್ಯೋರ್ನ್ ಹೆಲೆಂಡ್-ಹಾನ್ಸನ್ ಕೈಕೆಳಗೆ ಈ ವಿದ್ಯೆ ಕಲಿತು ಬಂದ. ಹಿಂದಿರುಗಿ, ಕಟರ್‌ನ ಅಧಿಕಾರಿಯೊಬ್ಬ ಹಡಗಿನಲ್ಲೇ ಕುಳಿತು ಮಾಡಬಹುದಾದಷ್ಟು ಅದನ್ನು ಸರಳಗೊಳಿಸಿದ. ಅಂದಿನಿಂದ ಗಸ್ತಿನ ಹಡಗು ಸೀಸೆಗಳಲ್ಲಿ ಆಳದ ನೀರು ಎತ್ತುವ ಪ್ರಯೋಗಾಲಯವೂ ಆಯಿತು. ವಿಜ್ಞಾನಿಗಳ ಕುತೂಹಲಕ್ಕೆ ಸೀಮಿತವಾಗಿದ್ದ ಒಂದು ಲೆಕ್ಕ ದಿನನಿತ್ಯದ ಸುರಕ್ಷತೆಯ ಕೆಲಸಕ್ಕೆ ಬಂದದ್ದಕ್ಕೆ ಇದು ತೀರಾ ಮೊದಲಿನ ಉದಾಹರಣೆಗಳಲ್ಲಿ ಒಂದು.

1928ರಲ್ಲಿ ಸ್ಮಿತ್ ಇನ್ನೂ ಮುಂದೆ ಹೋದ. ಬಂಡೆಗಳು ನಮ್ಮ ಬಾಗಿಲಿಗೆ ಬರುವವರೆಗೆ ಕಾಯುವುದೇಕೆ, ಅವುಗಳ ತವರಿಗೇ ಹೋಗಿ ನೋಡೋಣ ಎಂದು ಮೇರಿಯನ್ ಎಂಬ 125 ಅಡಿಯ ಪುಟ್ಟ ಹಡಗಿನಲ್ಲಿ ಡೇವಿಸ್ ಜಲಸಂಧಿಗೂ ಬ್ಯಾಫಿನ್ ಕೊಲ್ಲಿಗೂ ಹೊರಟ. ಆ ಬೇಸಿಗೆಯಲ್ಲಿ ಅವನ ತಂಡ ಸಂಗ್ರಹಿಸಿದ ಮಾಹಿತಿ ಆ ಕಡಲಿನ ಬಗ್ಗೆ ಬಹುಕಾಲ ಪ್ರಮಾಣವಾಗಿ ಉಳಿಯಿತು. ಎರಡು ವರ್ಷದ ಬಳಿಕ ಹಾರ್ವರ್ಡ್ ಅವನಿಗೆ ಡಾಕ್ಟರೇಟ್ ಕೊಟ್ಟಿತು. 1931ರಲ್ಲಿ ಗ್ರಾಫ್ ಝೆಪೆಲಿನ್ ವಾಯುನೌಕೆ ಆರ್ಕ್ಟಿಕ್ ಮೇಲೆ ಹಾರಿದಾಗ ಅದರಲ್ಲೂ ಅವನಿದ್ದ. ಎರಡನೇ ಮಹಾಯುದ್ಧದಲ್ಲಿ ಗ್ರೀನ್‌ಲ್ಯಾಂಡ್ ಕಾವಲು ಪಡೆಯ ನಾಯಕ. ನಿವೃತ್ತಿಯ ಬಳಿಕ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ನಿರ್ದೇಶಕ.

ಸ್ಮಿತ್ ಬಂಡೆಯನ್ನು ಅರಿಯಲು ಹೊರಟಿದ್ದರೆ, ಅದನ್ನು ಒಡೆದೇ ತೀರಬೇಕು ಎನ್ನುವವರೂ ಸುತ್ತ ಇದ್ದರು. ಗಸ್ತಿನ ಹಡಗುಗಳು ಆರಂಭದಲ್ಲೇ ಬಂಡೆಗಳ ಮೇಲೆ ಫಿರಂಗಿ ಹಾರಿಸಿ ನೋಡಿದ್ದವು, ಸಿಡಿಮದ್ದು ಇಟ್ಟು ನೋಡಿದ್ದವು. ಒಂದಷ್ಟು ಹಿಮ ಉದುರುತ್ತಿತ್ತು, ಅಷ್ಟೇ. 1926ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹೊವರ್ಡ್ ಬಾರ್ನ್ಸ್ ಎಂಬ ಪ್ರಾಧ್ಯಾಪಕ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಬಂಡೆಯೊಳಗೆ ಥರ್ಮೈಟ್ ಹೂತು ಸುಟ್ಟು, ಜಯ ಸಾಧಿಸಿದೆ ಎಂದು ಸಾರಿದ. ಮೂರು ದಶಕ ಕಳೆದು ಕೋಸ್ಟ್ ಗಾರ್ಡ್ ವಿಮಾನದಿಂದ ಬಾಂಬು ಹಾಕಿ ನೋಡಿತು. ಬಿಸಿಲನ್ನು ಹೀರಿ ಬೇಗ ಕರಗಲಿ ಎಂದು ಬಂಡೆಗೆ ಮಸಿ ಬಳಿದೂ ನೋಡಿತು. ಅಲೆ ಬಂದು ಮಸಿ ತೊಳೆದುಕೊಂಡು ಹೋಯಿತು. ಸುಮ್ಮನೆ ಲೆಕ್ಕ ಹಾಕಿದರೂ ಇದರ ವ್ಯರ್ಥತೆ ಗೊತ್ತಾಗುತ್ತದೆ: ಹತ್ತು ಲಕ್ಷ ಟನ್ ತೂಕದ ಒಂದು ಬಂಡೆಯನ್ನು ಕರಗಿಸಲು ಬೇಕಾಗುವ ಶಾಖ ಸುಮಾರು ಒಂದು ಕೋಟಿ ಲೀಟರ್ ಪೆಟ್ರೋಲ್ ಉರಿಸಿದಷ್ಟು. ಒಡೆಯುವುದಂತೂ ಇನ್ನೂ ಅಪಾಯ. ಕಾಣುವ ಒಂದು ಬಂಡೆಯ ಬದಲು ಕಾಣದ ನೂರು ಗ್ರೌಲರ್ ಹುಟ್ಟುತ್ತವೆ. ಈ ಪ್ರಯೋಗಗಳನ್ನು ಕೈಬಿಟ್ಟದ್ದು ಸಂಸ್ಥೆಯ ಅತ್ಯಂತ ವಿವೇಕದ ನಿರ್ಧಾರ ಎಂದು ನನ್ನ ಎಣಿಕೆ. ಈಗ ಬಂಡೆಗಳಿಗೆ ಹಗ್ಗ ಹಾಕುವವರು ತೈಲ ಕಂಪನಿಗಳವರು. ಗ್ರ್ಯಾಂಡ್ ಬ್ಯಾಂಕ್ಸ್‌ನ ತೈಲಬಾವಿಗಳತ್ತ ಬರುವ ಬಂಡೆಗೆ ಉದ್ದನೆಯ ಹಗ್ಗ ಸುತ್ತಿ, ಹಡಗಿನಿಂದ ಎಳೆದು ತುಸು ದಿಕ್ಕು ತಪ್ಪಿಸುತ್ತಾರೆ. ಅವರೂ ಅದನ್ನು ಒಡೆಯುವ ಗೋಜಿಗೆ ಹೋಗುವುದಿಲ್ಲ.

ಎರಡು ಮಹಾಯುದ್ಧಗಳ ಕಾಲದಲ್ಲಿ ಗಸ್ತು ನಿಂತಿತ್ತು. 1946ರಲ್ಲಿ ಮತ್ತೆ ಆರಂಭವಾದಾಗ ರೂಪವೇ ಬದಲಾಗಿತ್ತು: ಯುದ್ಧದಲ್ಲಿ ಪಳಗಿದ ವಿಮಾನಗಳು ಬಂದವು. ಕಟರ್ ಒಂದು ವಾರದಲ್ಲಿ ನೋಡುವಷ್ಟನ್ನು ವಿಮಾನ ಒಂದು ಹಾರಾಟದಲ್ಲಿ ನೋಡುತ್ತಿತ್ತು, ಮಂಜು ಇಲ್ಲದಿದ್ದರೆ. ಆ ‘ಇಲ್ಲದಿದ್ದರೆ’ ಬಹಳ ದೊಡ್ಡದು. ನ್ಯೂಫೌಂಡ್‌ಲ್ಯಾಂಡಿನ ಮಂಜಿನ ಮೇಲೆ ಗಂಟೆಗಟ್ಟಲೆ ಹಾರಿ ಏನೂ ಕಾಣದೆ ಹಿಂದಿರುಗಿದ ಸಿಬ್ಬಂದಿಗೆ ನಿಜವಾದ ಬಿಡುಗಡೆ ಸಿಕ್ಕಿದ್ದು 1983ರಲ್ಲಿ, ಹರ್ಕ್ಯುಲಿಸ್ ವಿಮಾನಗಳಿಗೆ ಪಕ್ಕಕ್ಕೆ ನೋಡುವ ರೇಡಾರ್ ಬಂದಾಗ. ಹವೆ ಹೇಗೇ ಇರಲಿ, ವಿಮಾನದ ಎರಡೂ ಬದಿಯ ಅಗಲವಾದ ಪಟ್ಟಿ ಅದರ ಚಿತ್ರದಲ್ಲಿ ಮೂಡುತ್ತಿತ್ತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕಂಪ್ಯೂಟರ್ ಮಾದರಿಗಳೂ ಬಂದವು. ಒಮ್ಮೆ ಕಂಡ ಬಂಡೆಯ ಸ್ಥಾನ, ಗಾತ್ರ, ಆಕಾರ ಕೊಟ್ಟರೆ, ಪ್ರವಾಹ ಮತ್ತು ಗಾಳಿಯ ಲೆಕ್ಕದಿಂದ ನಾಳೆ ಅದು ಎಲ್ಲಿರುತ್ತದೆ ಎಂದು ಒಂದು ಮಾದರಿ ಹೇಳುತ್ತದೆ. ನೀರಿನ ಉಷ್ಣತೆ, ಅಲೆಯ ಎತ್ತರದ ಲೆಕ್ಕದಿಂದ ಅದು ಎಷ್ಟು ಕರಗಿರುತ್ತದೆ ಎಂದು ಇನ್ನೊಂದು. ಬಂಡೆಯನ್ನು ಹೆಚ್ಚಾಗಿ ತಿನ್ನುವುದು ಬಿಸಿಲಲ್ಲ, ಅಲೆ.

ಸ್ಮಿತ್‌ನ ಹಟವೇ ಇಲ್ಲಿ ಯಂತ್ರವಾಗಿದೆ. ಕಡಲಿನಲ್ಲಿರುವ ಪ್ರತಿಯೊಂದು ಬಂಡೆಯ ವಿಳಾಸ ಕೊಡುವುದು ಗಸ್ತಿನ ಉದ್ದೇಶವಲ್ಲ, ಅದು ಸಾಧ್ಯವೂ ಇಲ್ಲ. ಅದು ಹೊರಡಿಸುವುದು ಒಂದು ಗೆರೆ. ನಕ್ಷೆಯ ಮೇಲೆ ನ್ಯೂಫೌಂಡ್‌ಲ್ಯಾಂಡಿನ ಸುತ್ತ ಬಾಗಿ ಹೋಗುವ ಆ ಗೆರೆಯ ಒಳಗೆ ಹಿಮಬಂಡೆ ಇರಬಹುದು, ಹೊರಗೆ ಇಲ್ಲ. ಒಳಗೆ ಹೋಗುವ ಹಡಗು ತನ್ನ ಹೊಣೆಯ ಮೇಲೆ ಹೋಗಬೇಕು. ಹೊರಗೆ ಸುತ್ತಿ ಹೋದರೆ ಇಂಧನ ಹೆಚ್ಚು ಖರ್ಚಾಗುತ್ತದೆ. ಗೆರೆ ಅನಗತ್ಯವಾಗಿ ದಕ್ಷಿಣಕ್ಕೆ ಬಂದರೆ ನೂರಾರು ಹಡಗುಗಳ ದುಡ್ಡು ಹಾಳು. ಬೇಕಾದುದಕ್ಕಿಂತ ಉತ್ತರಕ್ಕಿದ್ದರೆ ಜೀವಹಾನಿ. ಈ ಎರಡರ ನಡುವೆ ಗಸ್ತು ಯಾವತ್ತೂ ಎರಡನೆಯದಕ್ಕೇ ಹೆಚ್ಚು ಹೆದರಿದೆ. ಮಾದರಿಯ ಲೆಕ್ಕದಲ್ಲಿ ಬಂಡೆ ಕರಗಿ ಹೋಗಿದ್ದರೂ ತಕ್ಷಣ ಅಳಿಸದೆ ಇನ್ನೂ ಸ್ವಲ್ಪ ಕಾಲ ನಕ್ಷೆಯಲ್ಲಿ ಉಳಿಸಿಕೊಳ್ಳುವುದು ಅದರ ಪದ್ಧತಿ. ಪ್ರಕಟವಾದ ಗೆರೆಯನ್ನು ಪಾಲಿಸಿದ ಯಾವ ಹಡಗೂ ಹಿಮಬಂಡೆಗೆ ಡಿಕ್ಕಿ ಹೊಡೆದಿಲ್ಲ ಎಂಬುದು ಸಂಸ್ಥೆ ಹೇಳಿಕೊಳ್ಳುವ ದಾಖಲೆ. ಅದನ್ನು ಅಲ್ಲಗಳೆಯುವ ಘಟನೆ ತಿಳಿದಿಲ್ಲ.

ಗಸ್ತಿನ ವ್ಯಾಪ್ತಿಯಾಚೆಯ ಕಡಲು ಏನು ಮಾಡಬಲ್ಲದು ಎಂಬುದಕ್ಕೆ ಮಾತ್ರ ಸಾಕ್ಷಿಯಿದೆ. 1959ರ ಜನವರಿ 30ರಂದು ಡೆನ್ಮಾರ್ಕಿನ ಹಾನ್ಸ್ ಹೆಡ್‌ಟೊಫ್ಟ್ ಎಂಬ ಹೊಸ ಹಡಗು ತನ್ನ ಮೊದಲ ಯಾನದಲ್ಲೇ, ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ಕೇಪ್ ಫೇರ್‌ವೆಲ್ ಬಳಿ ಹಿಮಬಂಡೆಗೆ ಬಡಿಯಿತು. ಇದ್ದ 95 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ತಿಂಗಳುಗಳ ಬಳಿಕ ಐಸ್‌ಲ್ಯಾಂಡಿನ ದಡಕ್ಕೆ ತೇಲಿ ಬಂದ ಒಂದು ಲೈಫ್‌ಬೋಯ್ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆಗ ರೇಡಾರ್ ಇತ್ತು, ಗಟ್ಟಿಯಾದ ಒಡಲಿತ್ತು. ಆದರೆ ಅದು ಗಸ್ತಿನ ವ್ಯಾಪ್ತಿಯ ಹೊರಗಿನ ನೀರು, ಗಸ್ತಿನ ಋತುವಿನ ಹೊರಗಿನ ತಿಂಗಳು.

ಪ್ರತಿ ವರ್ಷ 48 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ದಕ್ಷಿಣಕ್ಕೆ ಬಂದ ಬಂಡೆಗಳನ್ನು ಗಸ್ತು ಎಣಿಸುತ್ತದೆ. ಬಂಡೆಗಳು ಹಡಗುದಾರಿಗೆ ತಲೆಹಾಕುವುದು ಅಲ್ಲಿಂದ. ಈ ಎಣಿಕೆಯ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. 1984ರಲ್ಲಿ 2,202. 1966ರಲ್ಲಿ ಒಂದೂ ಇಲ್ಲ, 2006ರಲ್ಲೂ ಇಲ್ಲ. 2021ರಲ್ಲಿ ಒಂದೇ ಒಂದು. ಗ್ರೀನ್‌ಲ್ಯಾಂಡ್ ಕರಗುತ್ತಿದೆ, ಆದ್ದರಿಂದ ಬಂಡೆ ಹೆಚ್ಚಬೇಕಲ್ಲ ಎಂದು ಕೇಳುವವರಿಗೆ ಈ ಪಟ್ಟಿ ನೇರ ಉತ್ತರ ಕೊಡುವುದಿಲ್ಲ. ಎಷ್ಟು ಬಂಡೆ ಹುಟ್ಟಿತು ಎಂಬುದಕ್ಕಿಂತ ಎಷ್ಟು ಬದುಕಿ ಬಂತು ಎಂಬುದು ಮುಖ್ಯ. ಲ್ಯಾಬ್ರಡಾರ್ ಕರಾವಳಿಯ ಸಮುದ್ರ ಹೆಪ್ಪುಗಟ್ಟಿದ್ದರೆ ಆ ಹಿಮದ ಹಾಸು ಅಲೆಗಳನ್ನು ತಣಿಸಿ ಬಂಡೆಯನ್ನು ಕಾಪಾಡುತ್ತದೆ. ವಾಯುವ್ಯದ ಶೀತಗಾಳಿ ಬಲವಾಗಿ ಬೀಸಿದ ಚಳಿಗಾಲದ ಮರುವಸಂತದಲ್ಲಿ ಬಂಡೆಗಳ ದಂಡೇ ಇಳಿಯುತ್ತದೆ. ಗಾಳಿ ಸೋತ ವರ್ಷ, ಹಾಸಿಲ್ಲದ ಕಡಲಿನಲ್ಲಿ ಅಲೆಗೆ ಸಿಕ್ಕಿ ಅವು ದಾರಿಯಲ್ಲೇ ಮುಗಿಯುತ್ತವೆ.

ಬಂಡೆಯೇ ಬಾರದ ವರ್ಷ ಗಸ್ತಿಗೆ ಖರ್ಚು ಮಾಡಬೇಕೆ ಎಂಬ ಪ್ರಶ್ನೆ ಹಣ ಕೊಡುವವರಿಗೆ ಸಹಜ. ಆದರೆ ಒಂದೂ ಇಲ್ಲ ಎಂದು ಹೇಳಲೂ ನೋಡಿಯೇ ಹೇಳಬೇಕು. ಖರ್ಚನ್ನು ಈಗ ಆ ಪ್ರದೇಶದಲ್ಲಿ ಓಡುವ ಹಡಗುಗಳ ಟನ್ನೇಜ್ ಲೆಕ್ಕದಲ್ಲಿ ಹಂಚುತ್ತಾರೆ. ಹೀಗಾಗಿ, ತನ್ನ ಬಾವುಟವನ್ನು ಲೋಕದ ಹಡಗುಗಳಿಗೆಲ್ಲ ಕೊಡುವ ಪನಾಮದಂಥ ಉಷ್ಣವಲಯದ ದೇಶವೂ ಹಿಮ ಕಾಯಲು ದುಡ್ಡು ಕೊಡುವವರ ಪಟ್ಟಿ ಸೇರಿದೆ. 2002ರಲ್ಲಿ ಜಾರಿಗೆ ಬಂದ ಸೋಲಾಸ್ ತಿದ್ದುಪಡಿಯಂತೆ, ಹಿಮದ ಋತುವಿನಲ್ಲಿ ಆ ನೀರು ದಾಟುವ ಹಡಗುಗಳು ಗಸ್ತಿನ ಸೇವೆ ಬಳಸುವುದು ಕಡ್ಡಾಯ. ಯಾವ ದೇಶದ ಬಾವುಟ ಹೊತ್ತಿದ್ದರೂ, ಬ್ರಿಡ್ಜ್‌ನಲ್ಲಿ ನಿಂತ ಅಧಿಕಾರಿ ಯಾವ ಊರಿನವನಾದರೂ ಅದು ತಪ್ಪದು.

ಸಂಸ್ಥೆಯ ಮನೆ ಹಲವು ಸಲ ಬದಲಾಯಿತು: ನ್ಯೂಫೌಂಡ್‌ಲ್ಯಾಂಡಿನ ಅರ್ಜೆಂಷಿಯಾ, ನ್ಯೂಯಾರ್ಕಿನ ಗವರ್ನರ್ಸ್ ಐಲೆಂಡ್, ಕನೆಕ್ಟಿಕಟ್‌ನ ಗ್ರೋಟನ್ ಮತ್ತು ನ್ಯೂ ಲಂಡನ್, ಈಗ ಅದು ಮೇರಿಲ್ಯಾಂಡಿನ ಸ್ಯೂಟ್‌ಲ್ಯಾಂಡ್‌ನಲ್ಲಿ, ಸಮುದ್ರ ಕಾಣದ ಕಟ್ಟಡದಲ್ಲಿದೆ. 2003ರಿಂದ ಕೆನಡಾದ ಹಿಮ ಸೇವೆ ಮತ್ತು ಅಮೆರಿಕದ ರಾಷ್ಟ್ರೀಯ ಹಿಮ ಕೇಂದ್ರಗಳೊಡನೆ ಕೂಡಿ ದುಡಿಯುತ್ತಿದೆ. ವಿಮಾನಗಳು ಸೇಂಟ್ ಜಾನ್ಸ್‌ನಿಂದ ಮೊದಲಿನಷ್ಟು ಏಳುವುದಿಲ್ಲ; ಯುರೋಪಿನ ಸೆಂಟಿನೆಲ್, ಕೆನಡಾದ ರೇಡಾರ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು ಆ ಜಾಗವನ್ನು ಬಹುಪಾಲು ತುಂಬಿವೆ. ಮೋಡ, ಮಂಜು, ಕತ್ತಲು ಯಾವುದೂ ರೇಡಾರ್ ಉಪಗ್ರಹಕ್ಕೆ ಅಡ್ಡಿಯಿಲ್ಲ. ಅಡ್ಡಿ ಬೇರೆ: ಎಂಟುನೂರು ಕಿಲೋಮೀಟರ್‌ವರೆಗಿನ ಎತ್ತರದಿಂದ ಹಿಮಬಂಡೆಯೂ ಹಡಗೂ ಒಂದೇ ಥರದ ಬಿಳಿ ಚುಕ್ಕೆ. ವಿಶ್ಲೇಷಕರು ಹಡಗುಗಳು ತಾವಾಗಿ ಪ್ರಸಾರ ಮಾಡುವ ಗುರುತಿನ ಸಂಕೇತಗಳನ್ನು ಚಿತ್ರದ ಮೇಲೆ ಹೊಂದಿಸಿ, ಹೊಂದಿದ ಚುಕ್ಕೆಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾರೆ. ಸಂಕೇತ ಕಳಿಸದ ಮೀನುದೋಣಿ ಉಳಿದುಬಿಡುತ್ತದೆ. ದೋಣಿಯೋ ಬಂಡೆಯೋ ಖಚಿತವಾಗದ ಚುಕ್ಕೆಯನ್ನು ಬಂಡೆಯೆಂದೇ ಹಿಡಿದು ಆ ದಿನದ ಗೆರೆ ಎಳೆಯಬೇಕಾಗುತ್ತದೆ, ಇಲ್ಲವೇ ವಿಮಾನ ಕಳಿಸಿ ಕಣ್ಣಾರೆ ನೋಡಿ ಬರಬೇಕಾಗುತ್ತದೆ. ಅದಕ್ಕಾಗಿಯೇ ಸೇಂಟ್ ಜಾನ್ಸ್‌ಗೆ ಹರ್ಕ್ಯುಲಿಸ್ ವಿಮಾನಗಳ ಓಡಾಟ ಪೂರ್ತಿ ನಿಂತಿಲ್ಲ.